ಒಂದು ನೊಗ, ಎರಡು ಹೊಲ

ಸ್ಪ್ಯಾನಿಷ್ ವ್ಯಾಕರಣದಲ್ಲಿ ಕ್ರಿಯಾಪದದ ರೂಪಗಳ ಪಟ್ಟಿಗೂ, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಒಂದು ಬ್ಯಾಕ್ಟೀರಿಯಾ ಮತ್ತೊಂದಕ್ಕೆ ತಳಿವಸ್ತು ದಾಟಿಸುವ ಕ್ರಿಯೆಗೂ ಕಾಂಜುಗೇಶನ್ ಎಂಬ ಒಂದೇ ಹೆಸರಿದೆ. ಇದರ ಬೇರು ಲ್ಯಾಟಿನ್ನಿನ ‘ಯುಗುಮ್’, ಅಂದರೆ ಎತ್ತುಗಳ ಹೆಗಲ ಮೇಲಿನ ನೊಗ. ಸಂಸ್ಕೃತದ ‘ಯುಗ’, ‘ಯೋಗ’ಗಳೂ ಇದೇ ಕುಲದವು.

ಧಾತುವಿಗೆ ಪ್ರತ್ಯಯ ಹೂಡುವುದೇ ಈ ನೊಗ ಎಂದು ಊಹಿಸುವುದು ಸಹಜವಾದರೂ ಪ್ರಾಚೀನ ವೈಯಾಕರಣರ ಎಣಿಕೆ ಬೇರೆಯಿತ್ತು. ಲ್ಯಾಟಿನ್ನಿನ ಈ ಪದ ಗ್ರೀಕರ ‘ಸಿಜಿಜಿಯಾ’ದ ಅನುವಾದ. ಆರನೆಯ ಶತಮಾನದ ಆರಂಭದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬೋಧಿಸುತ್ತಿದ್ದ ಪ್ರಿಸಿಯನ್ನನ ಪ್ರಕಾರ, ಒಂದೇ ನಿಯಮದಡಿ ರೂಪ ತಳೆಯುವ ಹಲವು ಕ್ರಿಯಾಪದಗಳು ಒಂದು ನೊಗಕ್ಕೆ ಸೇರಿದವು. ಕನ್ನಡದ ಪರಂಪರೆ ಇಲ್ಲಿ ಬೇರೆ ಹಾದಿ ಹಿಡಿದಿದೆ: ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಈ ವಿಷಯಕ್ಕೆ ಮೀಸಲಾದ ಭಾಗ ಆಖ್ಯಾತ ಪ್ರಕರಣ, ಅಂದರೆ ‘ಹೇಳಲ್ಪಟ್ಟದ್ದರ’ ಪ್ರಕರಣ, ಅಲ್ಲಿ ನೊಗದ ಮಾತಿಲ್ಲ.

ಲ್ಯಾಟಿನ್ನಿಗೆ ಇಂಥ ನಾಲ್ಕು ಗುಂಪುಗಳಿದ್ದವು. ಸ್ಪ್ಯಾನಿಷ್ ರೂಪುಗೊಳ್ಳುವಾಗ ಮೂರನೆಯ ಗುಂಪು ಒಡೆದು, ಮಾರುವ ಅರ್ಥದ ‘ವೆಂಡೆರೆ’ಯು ‘ಬೆಂದೇರ್’ ಎಂದೂ, ಬದುಕುವ ಅರ್ಥದ ‘ವೀವೆರೆ’ಯು ‘ಬಿಬೀರ್’ ಎಂದೂ ಬೇರೆ ಬೇರೆ ಗುಂಪುಗಳಿಗೆ ಹಂಚಿಹೋದವು, ಉಳಿದದ್ದು ಮೂರೇ. ನಿಜವಾದ ಹೂಡಿಕೆ ಕಾಣುವುದು ಭವಿಷ್ಯತ್ ರೂಪದಲ್ಲಿ. ಲ್ಯಾಟಿನ್ನಿನ ಹಳೆಯ ಭವಿಷ್ಯತ್ ರೂಪಗಳು ಅಳಿದು, ಹಾಡುವುದು ಎಂಬರ್ಥದ ‘ಕಾಂತಾರ್’ ಪದದ ಜೊತೆಗೆ ಹೊಂದು ಎಂಬರ್ಥದ ಸಹಾಯಕ ಕ್ರಿಯಾಪದದ ‘ಎ’ ರೂಪ ಬೆಸೆದು ‘ಕಾಂತಾರೆ’ (ಹಾಡುವೆನು) ಹುಟ್ಟಿತು. ಕನ್ನಡದ ‘ಹಾಡಲಿದ್ದೇನೆ’ಯಲ್ಲಿ ‘ಹಾಡಲ್’ ಮತ್ತು ‘ಇರು’ ಕೂಡಿರುವುದನ್ನು ಇದಕ್ಕೆ ಹೋಲಿಸಬಹುದು. ಹಳೆಯ ಸ್ಪ್ಯಾನಿಷ್‌ನಲ್ಲಿ ಈ ಎರಡರ ನಡುವೆ ಸರ್ವನಾಮವನ್ನು ತೂರಿಸಲೂ ಬರುತ್ತಿತ್ತು, ಏಕೆಂದರೆ ಬೆಸುಗೆ ಇನ್ನೂ ಹಸಿಯಾಗಿತ್ತು. 1492ರಲ್ಲಿ ಸಲಮಾಂಕಾದಲ್ಲಿ ಅಚ್ಚಾದ ತನ್ನ ವ್ಯಾಕರಣದಲ್ಲಿ ಆಂತೋನಿಯೊ ದೆ ನೆಬ್ರಿಹಾ ಈ ಜೋಡಣೆಯನ್ನು ಗುರುತಿಸಿದ್ದು ಅವನ ಸೂಕ್ಷ್ಮದೃಷ್ಟಿಗೆ ಸಾಕ್ಷಿ.

ಜೀವವಿಜ್ಞಾನಿಗಳು ಈ ಪದವನ್ನು ಎರವಲು ಪಡೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಸ್ಪೈರೊಗೈರಾ ಪಾಚಿಯ ಎಳೆಗಳು ಪಕ್ಕಪಕ್ಕ ನಿಂತು ಕೊಳವೆಯ ಮೂಲಕ ಕೂಡುವುದನ್ನು ಕಂಡು. ಸೀಳಿ ಇಬ್ಭಾಗವಾಗುವುದಷ್ಟೇ ತಿಳಿದಿದೆಯೆಂದು ನಂಬಲಾಗಿದ್ದ ಬ್ಯಾಕ್ಟೀರಿಯಾಗಳಿಗೆ ಅದು ಅನ್ವಯವಾದದ್ದು ಬಹಳ ತಡವಾಗಿ. 1946ರಲ್ಲಿ, ಇಪ್ಪತ್ತೊಂದರ ಹರೆಯದ ಜೋಶುವಾ ಲೆಡರ್‌ಬರ್ಗ್ ಮತ್ತು ಎಡ್ವರ್ಡ್ ಟೇಟಮ್ ಅವರು ಬೇರೆ ಬೇರೆ ಪೋಷಕಾಂಶಗಳನ್ನು ತಯಾರಿಸಲಾರದ ಎರಡು ಇ. ಕೋಲಿ ತಳಿಗಳನ್ನು ಬೆರೆಸಿ, ಆ ಪೋಷಕಾಂಶಗಳಿಲ್ಲದ ಮಾಧ್ಯಮದ ಮೇಲೆ ಹರಡಿದರು. ಸುಮಾರು ಒಂದು ಕೋಟಿಗೆ ಒಂದರಂತೆ ಕೆಲವು ಜೀವಕೋಶಗಳು ಬೆಳೆದವು. ಎರಡೂ ತಳಿಗಳ ಗುಣಗಳು ಹೀಗೆ ಒಂದೇ ಕೋಶದಲ್ಲಿ ಕೂಡಲು ಮೈತಾಗುವುದು ಅನಿವಾರ್ಯವೆಂದು 1950ರಲ್ಲಿ ಬರ್ನಾರ್ಡ್ ಡೇವಿಸ್ ತೋರಿಸಿದರು: ದ್ರವವನ್ನು ಬಿಟ್ಟು ಕೋಶಗಳನ್ನು ತಡೆಯುವ ಸೋಸುಕವನ್ನು ಎರಡರ ನಡುವೆ ಇಟ್ಟೊಡನೆ ಹೊಸ ಸಂಯೋಜನೆಗಳು ನಿಂತುಹೋದವು.

ಆದರೆ ನೊಗದ ಎತ್ತುಗಳು ಸಮಜೋಡಿಯಲ್ಲ ಎಂಬುದನ್ನು ಲಂಡನ್ನಿನ ವಿಲಿಯಂ ಹೇಸ್ 1952ರಲ್ಲಿ ಕಂಡುಕೊಂಡರು: ಒಂದು ಕೊಡುತ್ತದೆ, ಮತ್ತೊಂದು ಪಡೆಯುತ್ತದೆ. ಕೊಡುವ ಶಕ್ತಿ ಇರುವುದು ಎಫ್ ಪ್ಲಾಸ್ಮಿಡ್ ಎಂಬ, ಮುಖ್ಯ ವರ್ಣತಂತುವಿನಿಂದ ಪ್ರತ್ಯೇಕವಾದ, ಸುಮಾರು ಒಂದು ಲಕ್ಷ ಜೋಡಿ ಅಕ್ಷರಗಳ ಡಿಎನ್‌ಎ ಉಂಗುರದಲ್ಲಿ. ಪೈಲಸ್ ಎಂಬ ಎಳೆಯಿಂದ ನೆರೆಯ ಕೋಶವನ್ನು ಹಿಡಿದು ಹತ್ತಿರ ಸೆಳೆದ ಮೇಲೆ ಉಂಗುರದ ಎರಡು ಎಳೆಗಳಲ್ಲಿ ಒಂದು ತುಂಡಾಗಿ ದಾಟುತ್ತದೆ. ಎರಡೂ ಕಡೆ ಜೊತೆಯೆಳೆ ಮತ್ತೆ ಹೆಣೆಯಲ್ಪಡುವುದರಿಂದ, ದೀಪದಿಂದ ದೀಪ ಹಚ್ಚಿದಂತೆ, ಕೊಟ್ಟದ್ದಕ್ಕೆ ನಷ್ಟವಿಲ್ಲ, ಪಡೆದದ್ದು ತಾನೂ ದಾನಿಯಾಗುತ್ತದೆ. ಹೀಗಿರುವಾಗ ‘ನೊಗ’ ಎಂಬ ಹೆಸರು ನೆಬ್ರಿಹಾ ಕಂಡ ಭವಿಷ್ಯತ್ ರೂಪಕ್ಕೆ ಒಪ್ಪುವಷ್ಟು ಬ್ಯಾಕ್ಟೀರಿಯಾಗಳಿಗೆ ಒಪ್ಪುವುದಿಲ್ಲ.

ಈ ದಾನ ಪ್ರಯೋಗಶಾಲೆಯ ಕುತೂಹಲವಾಗಿ ಬಹುಕಾಲ ಉಳಿಯಲಿಲ್ಲ. 1959ರ ಹೊತ್ತಿಗೆ ಜಪಾನಿನ ವಿಜ್ಞಾನಿಗಳು ಆಮಶಂಕೆಯ ಶಿಗೆಲ್ಲಾ ಮತ್ತು ಇ. ಕೋಲಿಗಳ ನಡುವೆ ಸಲ್ಫೋನಮೈಡ್, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ಎಂಬ ನಾಲ್ಕು ಔಷಧಗಳಿಗೆ ಪ್ರತಿರೋಧ ಒಟ್ಟಿಗೇ ದಾಟುವುದನ್ನು ಪತ್ತೆಹಚ್ಚಿದ್ದರು.