ಪುಟ್ಟ ಪೆಟ್ಟಿಗೆಯ ಆಟದ ಕಂಪ್ಯೂಟರು: ಬಿಡಿಭಾಗಗಳ ಆಯ್ಕೆ

ಎಲ್ಲಕ್ಕಿಂತ ದುಬಾರಿಯಾದ ಬಿಡಿಭಾಗಗಳನ್ನು ತಂದು ಒಂದೆಡೆ ಕೂಡಿಸಿದರೆ ಎಲ್ಲಕ್ಕಿಂತ ಒಳ್ಳೆಯ ಕಂಪ್ಯೂಟರು ಸಿದ್ಧವಾಗುತ್ತದೆಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ಒಕ್ಕಲುತನ ಬಲ್ಲವರು ಈ ಮಾತನ್ನು ಒಪ್ಪಲಾರರು. ಬಾವಿಯ ನೀರು, ಪಂಪಿನ ಶಕ್ತಿ, ಕೊಳವೆಯ ಗಾತ್ರ ಈ ಮೂರೂ ಒಂದಕ್ಕೊಂದು ಹೊಂದದಿದ್ದರೆ ಪಂಪು ಎಷ್ಟು ದೊಡ್ಡದಿದ್ದರೂ ಹೊಲಕ್ಕೆ ನೀರು ಸರಿಯಾಗಿ ಹರಿಯದು. ಕಂಪ್ಯೂಟರಿನ ಸಂಗತಿಯೂ ಹಾಗೆಯೇ. ಅದರಲ್ಲಿಯೂ ಆಟಗಳಿಗೆ ಯೋಗ್ಯವಾದ, ಆದರೆ ಗಾತ್ರದಲ್ಲಿ ಚಿಕ್ಕದಾದ ಕಂಪ್ಯೂಟರನ್ನು ಬಿಡಿಬಿಡಿಯಾಗಿ ಕೊಂಡು ಜೋಡಿಸುವವರು ಈ ಹೊಂದಾಣಿಕೆಯನ್ನೇ ಮೊದಲು ನೋಡಬೇಕು. ಆ ವಿಷಯವಾಗಿ ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಆಟದ ಯಂತ್ರವೇಕೆಂದು ಗುರುಗಳು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಸಾಮಾನ್ಯವಾದ ತೆರೆಯಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಚುಕ್ಕೆಗಳಿರುತ್ತವೆ. ಎಂದರೆ ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಆಟದ ಚಿತ್ರ ತಡವರಿಸದೆ ಸಾಗಬೇಕಾದರೆ ಸೆಕೆಂಡಿಗೆ ೬೦ ಸಲ ಇವನ್ನೆಲ್ಲ ಹೊಸದಾಗಿ ಬರೆಯಬೇಕು. ಲೆಕ್ಕ ಹಾಕಿದರೆ ಅದು ಸೆಕೆಂಡಿಗೆ ಹನ್ನೆರಡು ಕೋಟಿ ಚುಕ್ಕೆಗಳನ್ನು ಮೀರುತ್ತದೆ. ಇಷ್ಟು ಭಾರ ಹೊರಬಲ್ಲ ಯಂತ್ರಕ್ಕೆ ಪ್ರಬಂಧ ಬರೆಯುವುದು, ವಿಡಿಯೋ ಸಂಕಲನ ಮಾಡುವುದು, ಮುಂದೆ ನೌಕರಿಗಾಗಿ ಏನಾದರೂ ಕಲಿಯುವುದು ಕಷ್ಟವಲ್ಲ. ಆಟಕ್ಕೆಂದು ಬಂದುದು ಅಭ್ಯಾಸಕ್ಕೂ ಒದಗುತ್ತದೆ.

ಇನ್ನು, ಚಿಕ್ಕದೇ ಏಕೆ? ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಿಂದ ಬಂದ ನಾವು ವಿಜಯಪುರದಲ್ಲಿ ಒಂದೊಂದು ಕೋಣೆಯಲ್ಲಿ ಇಬ್ಬರು ಮೂವರು ಕೂಡಿ ಇರುತ್ತೇವೆ. ಮೇಜು ಮಾತ್ರ ಒಂದೇ. ರಜೆ ಬಂದಿತೆಂದರೆ ಬಸ್ಸಿನಲ್ಲಿ ಊರಿಗೆ ಹೊರಡಬೇಕು. ಹತ್ತು ಲೀಟರಿನ ಒಂದು ಪೆಟ್ಟಿಗೆಯನ್ನು ಚೀಲದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡು ಹೋಗಬಹುದು. ಆದರೆ ಒಂದು ಎಚ್ಚರಿಕೆ ಅವಶ್ಯ. ಅಷ್ಟೇ ಶಕ್ತಿಯ ದೊಡ್ಡ ಕಂಪ್ಯೂಟರಿಗಿಂತ ಚಿಕ್ಕದಕ್ಕೆ ಹೆಚ್ಚು ಹಣ ಬೀಳುತ್ತದೆ. ಯಂತ್ರ ಮನೆ ಬಿಟ್ಟು ಕದಲುವುದಿಲ್ಲವೆಂದಾದರೆ ಚಿಕ್ಕದರ ಹಂಬಲವನ್ನು ಬಿಡುವುದೇ ಲೇಸು.

ಆಯ್ಕೆಯು ಕ್ಯಾಬಿನೆಟ್ಟಿನಿಂದ, ಎಂದರೆ ಹೊರಪೆಟ್ಟಿಗೆಯಿಂದ ಆರಂಭವಾಗಬೇಕು. ಒಳಗೆ ಯಾವುದು ಹಿಡಿಸುತ್ತದೆಂಬುದನ್ನು ನಿರ್ಣಯಿಸುವುದು ಅದೇ. ಇಂಟೆಲ್ ಕಂಪನಿಯು ೧೯೯೫ರಲ್ಲಿ ತಂದ ಎಟಿಎಕ್ಸ್ ಅಳತೆಯ ಮದರ್‌ಬೋರ್ಡು ೩೦೫ಕ್ಕೆ ೨೪೪ ಮಿಲಿಮೀಟರು. ತೈವಾನಿನ ವಿಯಾ ಕಂಪನಿಯು ೨೦೦೧ರಲ್ಲಿ ಹೊರತಂದ ಮಿನಿ ಐಟಿಎಕ್ಸ್ ಅಳತೆಯಾದರೋ ೧೭೦ಕ್ಕೆ ೧೭೦ ಮಿಲಿಮೀಟರು ಮಾತ್ರ. ಚಿಕ್ಕ ಕಂಪ್ಯೂಟರಿಗೆ ಇದೇ ತಳಹದಿ. ಇದರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಒಂದೇ ಜಾಗ, ರ‍್ಯಾಮಿಗೆ ಸಾಮಾನ್ಯವಾಗಿ ಎರಡೇ ಜಾಗ. ಆದುದರಿಂದ ಕ್ಯಾಬಿನೆಟ್ಟು ಕೊಳ್ಳುವಾಗ ಎರಡು ಅಳತೆಗಳನ್ನು ತಪ್ಪದೆ ಬರೆದುಕೊಳ್ಳಬೇಕು: ಪ್ರೊಸೆಸರಿನ ಮೇಲಿನ ಕೂಲರಿಗೆ ಎಷ್ಟು ಎತ್ತರ ಸಿಗುತ್ತದೆ, ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಉದ್ದ ಮತ್ತು ದಪ್ಪ ಸಿಗುತ್ತದೆ.

ಎರಡನೆಯದು ಪ್ರೊಸೆಸರು. ಕಡಿಮೆ ಹಣದವರಿಗೆ ಗ್ರಾಫಿಕ್ಸ್ ಶಕ್ತಿಯನ್ನು ತನ್ನೊಳಗೇ ಇರಿಸಿಕೊಂಡಿರುವ ಪ್ರೊಸೆಸರೇ ಯೋಗ್ಯ. ೨೦೨೧ರಲ್ಲಿ ಬಂದ ರೈಜೆನ್ ೫ ೫೬೦೦ಜಿ, ೨೦೨೪ರಲ್ಲಿ ಬಂದ ರೈಜೆನ್ ೫ ೮೬೦೦ಜಿ ಈ ಜಾತಿಯವು. ಎರಡೂ ೬೫ ವ್ಯಾಟಿನವು. ಮೊದಲನೆಯದಕ್ಕೆ ಡಿಡಿಆರ್೪ ರ‍್ಯಾಮು, ಎರಡನೆಯದಕ್ಕೆ ಡಿಡಿಆರ್೫ ಬೇಕು. ಒಂದರ ಬೋರ್ಡಿನಲ್ಲಿ ಇನ್ನೊಂದು ಕೂಡುವುದಿಲ್ಲ. ಇಂಥ ಪ್ರೊಸೆಸರು ಚಿತ್ರ ಬರೆಯುವುದಕ್ಕೂ ರ‍್ಯಾಮನ್ನೇ ಅವಲಂಬಿಸುವುದರಿಂದ ೧೬ ಜಿಬಿಯ ಒಂದೇ ಪಟ್ಟಿಗಿಂತ ೮ ಜಿಬಿಯ ಎರಡು ಪಟ್ಟಿಗಳು ಆಟದಲ್ಲಿ ಹೆಚ್ಚು ವೇಗ ಕೊಡುತ್ತವೆ. ಗ್ರಾಫಿಕ್ಸ್ ಕಾರ್ಡನ್ನು ಮುಂದೆ ಹಣ ಕೂಡಿದಾಗ ಸೇರಿಸಬಹುದು. ಅದಕ್ಕೆ ತಕ್ಕ ಜಾಗವನ್ನೂ ವಿದ್ಯುತ್ತನ್ನೂ ಈಗಲೇ ಕಾಯ್ದಿರಿಸಬೇಕು, ಅಷ್ಟೇ.

ಗ್ರಾಫಿಕ್ಸ್ ಕಾರ್ಡಿನಲ್ಲಿ ಹೆಸರನ್ನಷ್ಟೇ ನೋಡಿ ಮೋಸಹೋಗಬಾರದು. ಆರ್‌ಟಿಎಕ್ಸ್ ೩೦೫೦ ಎಂಬ ಒಂದೇ ಹೆಸರಿನಲ್ಲಿ ೮ ಜಿಬಿಯದೂ ೬ ಜಿಬಿಯದೂ ಇವೆ. ಮೊದಲನೆಯದು ೧೩೦ ವ್ಯಾಟು ಎಳೆಯುತ್ತದೆ. ೬ ಜಿಬಿಯದು ೭೦ ವ್ಯಾಟಿನದು. ಬೋರ್ಡಿನ ಜಾಗವೊಂದೇ ೭೫ ವ್ಯಾಟಿನವರೆಗೆ ಕೊಡಬಲ್ಲುದರಿಂದ ಈ ಎರಡನೆಯದಕ್ಕೆ ಬೇರೆ ತಂತಿಯ ಹಂಗಿಲ್ಲ. ಇದಕ್ಕಿಂತ ಬಲವಾದ ಆರ್‌ಟಿಎಕ್ಸ್ ೪೦೬೦ ಬೇಕೆಂದರೆ ೧೧೫ ವ್ಯಾಟು ತೆರಬೇಕು. ವೇಗದಲ್ಲಿ ೬ ಜಿಬಿಯದು ಹಿಂದೆಯೇ ಸರಿ. ಆದರೆ ಪುಟ್ಟ ಪೆಟ್ಟಿಗೆಯಲ್ಲಿ ಒಂದೊಂದು ವ್ಯಾಟೂ ಕೊನೆಗೆ ಬಿಸಿಯಾಗಿಯೇ ಉಳಿಯುತ್ತದೆಂಬುದನ್ನು ಮರೆಯಬಾರದು.

ಈ ಬಿಸಿಯೇ ನಮ್ಮ ಜಿಲ್ಲೆಯಲ್ಲಿ ಮುಖ್ಯ ಪ್ರಶ್ನೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ವಿಜಯಪುರದ ಉಷ್ಣತೆ ೪೦ ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ. ಒಂದು ಕೂಲರು ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ೪೫ ಡಿಗ್ರಿಯಷ್ಟು ಮೇಲೆ ತಡೆದಿಡುತ್ತದೆಂದು ಇಟ್ಟುಕೊಳ್ಳೋಣ. ೨೫ ಡಿಗ್ರಿಯ ಕೋಣೆಯಲ್ಲಿ ಅದು ೭೦ಕ್ಕೆ ನಿಲ್ಲುತ್ತದೆ; ೪೦ ಡಿಗ್ರಿಯ ಕೋಣೆಯಲ್ಲಿ ೮೫ಕ್ಕೆ ಏರುತ್ತದೆ. ೫೬೦೦ಜಿಗೆ ೯೫ ಡಿಗ್ರಿಯೇ ಮಿತಿ. ಮಿತಿ ಸಮೀಪಿಸಿದಂತೆ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಹೆಚ್ಚು ಹಣ ಕೊಟ್ಟು ತಂದ ವೇಗ ಬೇಸಗೆಯಲ್ಲಿ ಕೈಗೆ ಸಿಗದೆ ಹೋಗುತ್ತದೆ. ತಿಕೋಟಾ, ಬಬಲೇಶ್ವರದ ಸುತ್ತ ಒಣದ್ರಾಕ್ಷಿಯ ಶೆಡ್ಡುಗಳನ್ನು ನೋಡಿದವರಿಗೆ ಇದರ ಪರಿಹಾರ ತಿಳಿಯುವುದು ಸುಲಭ. ಮೇಲೆ ನೆರಳು, ಒಳಗೆ ಅಂತಸ್ತು ಅಂತಸ್ತಾಗಿ ಬಲೆಯ ಹಾಸು, ಬದಿಗಳಿಂದ ಗಾಳಿ ಹೊಕ್ಕು ಹೊರಬೀಳುವ ದಾರಿ. ಕ್ಯಾಬಿನೆಟ್ಟೂ ಹಾಗಿರಬೇಕು. ಗಾಜಿನ ಬದಿ ನೋಟಕ್ಕೆ ಚೆಂದ, ಗಾಳಿಗೆ ತಡೆ. ಜಾಲರಿಯ ಬದಿಯೇ ನಮಗೆ ಹಿತ. ಎರೆಮಣ್ಣಿನ ಧೂಳು ಹೊಗದಂತೆ ತೆಗೆದು ತೊಳೆಯಬಹುದಾದ ಸೋಸುಬಲೆಯಿದ್ದರೆ ಇನ್ನೂ ಒಳ್ಳೆಯದು.

ಕಡೆಯದು ವಿದ್ಯುತ್ತು. ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದಲೂ ಬೇಗಂ ತಲಾಬದಿಂದಲೂ ಈ ನಗರಕ್ಕೆ ನೀರು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಜಲಗೋಪುರಗಳನ್ನು ಕಟ್ಟಿದ್ದರು. ನೀರಿನ ಒತ್ತಡ ಅಲ್ಲಿ ತಗ್ಗಿ ಕೊಳವೆಗಳು ಒಡೆಯದಂತೆ ಉಳಿಯುತ್ತಿದ್ದವು. ಕಂಪ್ಯೂಟರಿನಲ್ಲಿ ಎಸ್‌ಎಂಪಿಎಸ್ ಮಾಡುವುದು ಇಂಥದೇ ಕೆಲಸ. ಗೋಡೆಯಿಂದ ಬರುವ ೨೩೦ ವೋಲ್ಟನ್ನು ೧೨, ೫, ೩.೩ ವೋಲ್ಟುಗಳಿಗೆ ಇಳಿಸಿ ಒಳಗಿನ ಭಾಗಗಳಿಗೆ ಹಂಚುತ್ತದೆ. ವೋಲ್ಟೇಜು ಏರಿಳಿಯುವ ನಮ್ಮ ಊರುಗಳಲ್ಲಿ ಇದರಲ್ಲಿ ಜಿಪುಣತನ ತೋರಿದರೆ ಉಳಿದುದೆಲ್ಲಕ್ಕೂ ಅಪಾಯ. ಚಿಕ್ಕ ಪೆಟ್ಟಿಗೆಗೆ ಎಸ್‌ಎಫ್‌ಎಕ್ಸ್ ಅಳತೆಯದು ಬೇಕು. ೪೦೬೦ ಕಾರ್ಡಿಗೆ ೫೫೦ ವ್ಯಾಟಿನದು ಸಾಕೆಂದು ಅದನ್ನು ತಯಾರಿಸಿದವರೇ ಹೇಳುವಾಗ ೮೫೦ರದನ್ನು ಕೊಳ್ಳುವುದು ದುಂದು. ಯುಪಿಎಸ್ ಕೊಳ್ಳುವಾಗಲೂ ಒಂದು ಮಾತು: ೬೦೦ ವಿಎ ಎಂದರೆ ೬೦೦ ವ್ಯಾಟಲ್ಲ. ಅಂಥವುಗಳಲ್ಲಿ ಹೆಚ್ಚಿನವು ೩೬೦ ವ್ಯಾಟು ಮಾತ್ರ ಹೊರಬಲ್ಲವು. ಅದರಲ್ಲಿ ತೆರೆಯ ಪಾಲೂ ಸೇರಿದೆ.

ನಮ್ಮಲ್ಲಿ ಬಹುಮಂದಿ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಕಂಪ್ಯೂಟರಿಗೆಂದು ತಂದೆಯವರು ಕೊಡುವ ಹಣ ದ್ರಾಕ್ಷಿಯ ಒಂದು ಹಂಗಾಮಿನ ಉಳಿತಾಯವಾಗಿರುತ್ತದೆ. ಕೊಳ್ಳುವ ವಸ್ತು ಯಾವುದೆಂದು ವಿಚಾರಿಸಬಲ್ಲವರು ಮನೆಯಲ್ಲಿ ಯಾರೂ ಇರುವುದಿಲ್ಲ. ಮಗನೋ ಮಗಳೋ ಹೇಳಿದ್ದೇ ಮಾತು. ಆ ನಂಬಿಕೆಗೆ ತಕ್ಕಂತೆ ನಡೆಯುವುದು ನಮ್ಮ ಕರ್ತವ್ಯ. ಆದುದರಿಂದ ಇಲ್ಲಿಯ ಅಂಗಡಿಯಲ್ಲಾಗಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಹಣ ಕೊಡುವ ಮುನ್ನ ಒಂದು ಹಾಳೆಯ ಮೇಲೆ ಕೂಲರಿನ ಎತ್ತರ, ಕಾರ್ಡಿನ ಉದ್ದ, ರ‍್ಯಾಮಿನ ಜಾತಿ, ಒಟ್ಟು ವ್ಯಾಟು, ಗ್ಯಾರಂಟಿಯ ವರ್ಷಗಳು ಇವನ್ನು ಬರೆದು ಒಂದಕ್ಕೊಂದು ತಾಳೆ ನೋಡಬೇಕು. ಐದೂ ಕೂಡಿಬಂದರೆ ಕೊಳ್ಳಬಹುದು. ಒಂದು ಕೂಡದಿದ್ದರೂ ಹಾಳೆಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಮರಳಿ ಬರುವುದರಲ್ಲಿ ನಾಚಿಕೆಯೇನೂ ಇಲ್ಲ.