ಕರಿಯನಿಗೊಬ್ಬ ಜೊತೆಗಾರ ಬೇಕೆ?

2024ರ ದೀಪಾವಳಿಯ ಪಟಾಕಿಗೆ ಹೆದರಿ ಮೆಟ್ಟಿಲ ಕೆಳಗೆ ಮುದುಡಿ ಕುಳಿತಿದ್ದ ಎರಡು ತಿಂಗಳ ಬೀದಿಮರಿಯನ್ನು ನಮ್ಮ ಮಗಳು ಎತ್ತಿಕೊಂಡು ಬಂದಳು. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಗೆ ಕರಿಯ ಬಂದದ್ದು ಹೀಗೆ. ಈಗ ಅವನಿಗೆ ವರುಷ ತುಂಬುತ್ತ ಬಂದಿದೆ.

ಬೆಳಿಗ್ಗೆ ನಾವೆಲ್ಲ ಲೋಕಲ್ ಗಾಡಿ ಹಿಡಿಯಲು, ಶಾಲೆಗೆ ಹೋಗಲು ಹೊರಟ ಮೇಲೆ ಅವನು ಊಳಿಡುತ್ತಾನೆಂದು ಕೆಳಮನೆಯ ಆಜಿಯವರು ದೂರು ತಂದರು. ಗೆಳತಿಯ ಮನೆಯ ಹೆಣ್ಣುಮರಿಯೊಂದನ್ನು ತಂದರೆ ಎಲ್ಲ ಸರಿಹೋದೀತೆಂದು ಮಗಳ ವಾದ. ಆಗ ಧಾರವಾಡದಿಂದ ಬಂದಿದ್ದ ನಮ್ಮ ತಾಯಿಯವರೂ ಮೊಮ್ಮಗಳ ಪಕ್ಷ: “ನಾವು ಊರ ಬಿಟ್ಟ ಮಂದಿ ಸಂಘಕ್ಕ ಹೋಗಿ ಕನ್ನಡ ಮಾತಾಡಿ ಬರ್ತೀವಿ. ಅದಕ್ಕ ತನ್ನ ಭಾಷಾ ಆಡೋವರು ಒಬ್ಬರರ ಬ್ಯಾಡೇನು?”

ಈ ಮಾತಿಗೆ ನಾವು ಅರ್ಧ ಸೋತೆವು. ಪಶುವೈದ್ಯರು ಮಾತ್ರ ಬೇರೊಂದು ಪ್ರಶ್ನೆ ಹಾಕಿದರು: ಅವನು ಅಳುವುದು ನಾಯಿಗಾಗಿಯೋ, ನಿಮಗಾಗಿಯೋ?

ಉತ್ತರ ತಾನಾಗಿಯೇ ಸಿಕ್ಕಿತು. ಮೇಲಿನ ಮನೆಯವರು ಊರಿಗೆ ಹೋಗುವಾಗ ತಮ್ಮ ಐದು ವರುಷದ ನಾಯಿಯನ್ನು ನಾಲ್ಕು ದಿನ ನಮ್ಮಲ್ಲಿ ಬಿಟ್ಟರು. ವೈದ್ಯರು ಹೇಳಿದಂತೆ ಇಬ್ಬರನ್ನೂ ಮೊದಲು ಮೈದಾನದಲ್ಲಿ ಭೇಟಿ ಮಾಡಿಸಿ ಮನೆಗೆ ತಂದೆವು. ಊಟದ ತಾಟು ಬೇರೆ ಬೇರೆ ಕೋಣೆಯಲ್ಲಿ. ಸಂಜೆಯ ಆಟವನ್ನು ಏನೆಂದು ಹೇಳೋಣ! ಕುರ್ಚಿಗಳೆಲ್ಲ ಮಂಚವೇರಿದುವು. ಆದರೆ ಬೆಳಿಗ್ಗೆ ಮೊಬೈಲೊಂದನ್ನು ಮನೆಯಲ್ಲೇ ಬಿಟ್ಟು ಚಿತ್ರ ತೆಗೆದು ನೋಡಿದರೆ, ಕರಿಯ ಬಾಗಿಲಿಗೆ ಮೂತಿಯಿಟ್ಟು ಊಳಿಡುತ್ತಿದ್ದಾನೆ. ಅತಿಥಿ ಮಹಾಶಯ ಅವನದೇ ಗೋಣಿಚೀಲದ ಮೇಲೆ ನಿದ್ದೆಹೋಗಿದ್ದಾನೆ!

ಉಳಿದ ಲೆಕ್ಕಗಳೂ ಇದ್ದುವು. ಹೆಣ್ಣುಮರಿ ಆರು ತಿಂಗಳು ದಾಟಿತೆಂದರೆ ಬೆದೆಗೆ ಬರಬಹುದು. ಗರ್ಭ ನಿಂತರೆ ಸುಮಾರು 63 ದಿನಗಳಲ್ಲಿ ಮರಿಗಳ ಸಂತೆ. ಶಸ್ತ್ರಕ್ರಿಯೆ ಮಾಡಿಸದೆ ಗತಿಯಿಲ್ಲ. ಬೇಸಗೆಯಲ್ಲಿ ಊರಿಗೆ ಹೋಗುವ ಪಾಡೋ, ನಮ್ಮಂಥವರಿಗೇ ಗೊತ್ತು: ರೈಲಿನಲ್ಲಿ ನಾಯಿ ಜೊತೆಗಿರಬೇಕಾದರೆ ಮೊದಲ ದರ್ಜೆಯ ಇಡೀ ಕೂಪೆಯೇ ನಮ್ಮದಾಗಿರಬೇಕು, ಇಲ್ಲವೆ ಅದು ಗಾರ್ಡಿನ ಡಬ್ಬಿಯ ಪೆಟ್ಟಿಗೆಯೊಳಗೆ ಹೋಗಬೇಕು. ಒಬ್ಬನನ್ನಾದರೆ ಯಾರಾದರೂ ಇಟ್ಟುಕೊಂಡಾರು; ಇಬ್ಬರನ್ನು?

ಸದ್ಯಕ್ಕೆ ಬೇಡವೆಂದೇ ನಿಶ್ಚಯಿಸಿದೆವು. ಹೊರಡುವ ಮೊದಲು ಅರ್ಧ ತಾಸು ಅವನನ್ನು ಚೆನ್ನಾಗಿ ನಡೆಸುತ್ತೇವೆ. ರಜೆಯ ದಿನಗಳಲ್ಲಿ ಒಂದು ನಿಮಿಷ, ಐದು ನಿಮಿಷ, ಕಾಲು ತಾಸು ಎಂದು ಬಾಗಿಲು ಮುಚ್ಚಿ ಹೊರಗೆ ನಿಂತು, ಅವನು ಅಳುವ ಮುನ್ನವೇ ಒಳಬರುವ ಅಭ್ಯಾಸ ನಡೆಸಿದೆವು. ಮೆಟ್ಟಿಲ ಮೇಲೆ ಹೀಗೆ ಸುಮ್ಮನೆ ನಿಂತ ನಮ್ಮನ್ನು ಕಂಡು ಆಜಿಯವರು ಕಾರಣ ಕೇಳಿದರು, ನಕ್ಕರು, ಕೀಲಿಕೈ ಕೇಳಿ ಪಡೆದರು. ಈಗ ದಿನವೂ ಹನ್ನೆರಡಕ್ಕೆ ಬಂದು ಅವನೊಡನೆ ಕೂರುತ್ತಾರೆ. ಅವರ ಮರಾಠಿ ಅವನಿಗೆ ನಮ್ಮ ಕನ್ನಡದಷ್ಟೇ ತಿಳಿಯುತ್ತದೆ.

ಊಳು ಪೂರ್ತಿ ನಿಂತಿಲ್ಲ. ಹತ್ತು ನಿಮಿಷಕ್ಕೆ ಇಳಿದಿದೆ. ಅವನಿಗೆ ಎರಡು ವರುಷ ತುಂಬಿದ ಮೇಲೆ ಮತ್ತೆ ಯೋಚಿಸೋಣವೆಂದು ಮಗಳಿಗೆ ಮಾತು ಕೊಟ್ಟಿದ್ದೇವೆ. ಅವಳು ಆ ತಾರೀಖನ್ನು ಅಡಿಗೆಮನೆಯ ಬಾಗಿಲ ಹಿಂದೆ ಬರೆದಿಟ್ಟಿದ್ದಾಳೆ.