ಸ್ವತಂತ್ರ ವಿಡಿಯೋ ಆಟಗಳ ಪ್ರದರ್ಶನ: ದೇಶ ದೇಶಗಳ ನಡುವೆ ಸಂಸ್ಕೃತಿಯ ವಿನಿಮಯ

ಆಟಗಳು ದೇಶದ ಗಡಿಯನ್ನು ದಾಟಿ ಹೋಗುವುದು ಹೊಸ ಸಂಗತಿಯೇನಲ್ಲ. ಭಾರತದ ಚತುರಂಗವು ಪರ್ಷಿಯಾ ಹಾಗೂ ಅರಬ್ ನಾಡುಗಳ ಮೂಲಕ ಯುರೋಪನ್ನು ತಲುಪಿ ಚೆಸ್ ಆಯಿತು. ಪಗಡೆಯ ಬಳಗಕ್ಕೆ ಸೇರಿದ ಪಚ್ಚೀಸಿಯು ಸರಳ ರೂಪ ತಾಳಿ, 1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೋ ಎಂಬ ಹೆಸರಿನಿಂದ ಪೇಟೆಂಟ್ ಪಡೆಯಿತು. ಆದರೆ ಈ ಪ್ರಯಾಣದಲ್ಲಿ ಆಟದ ನಿಯಮಗಳು ಉಳಿದವೇ ಹೊರತು, ಅದರೊಡನಿದ್ದ ಕಥೆ, ಮಾತು, ಮನೆಯ ವಾತಾವರಣ ಉಳಿಯಲಿಲ್ಲ. ಲೂಡೋ ಆಡುವ ವಿದೇಶದ ಬಾಲಕನಿಗೆ ಪಗಡೆಯ ಹಾಸಿನ ಸುಳಿವೂ ಇರಲಾರದು. ವಿಡಿಯೋ ಆಟವು ಈ ದೃಷ್ಟಿಯಿಂದ ಭಿನ್ನವಾದುದು. ನಿಯಮಗಳ ಜೊತೆಗೆ ಚಿತ್ರ, ಸಂಗೀತ, ಭಾಷೆ ಮತ್ತು ಕಥೆಗಳನ್ನೂ ಅದು ಹೊತ್ತೊಯ್ಯಬಲ್ಲದು.

ಭಾರಿ ಬಂಡವಾಳದ ಸಂಸ್ಥೆಗಳು ನಿರ್ಮಿಸುವ ಆಟಗಳಲ್ಲಿ ಇಂತಹ ಪ್ರಾದೇಶಿಕ ಛಾಯೆ ಬಹುಮಟ್ಟಿಗೆ ಕಡಿಮೆ. ಎಲ್ಲ ದೇಶಗಳಲ್ಲಿಯೂ ಮಾರಾಟವಾಗಬೇಕೆಂಬ ಒತ್ತಡವೇ ಇದಕ್ಕೆ ಕಾರಣ. ಕೆಲವೇ ಮಂದಿ ಸೇರಿ, ಸೀಮಿತ ಹಣದಲ್ಲಿ ರೂಪಿಸುವ ಆಟಗಳನ್ನು ಸ್ವತಂತ್ರ ಆಟಗಳೆಂದು ಕರೆಯಲಾಗುತ್ತದೆ. ಜಾಹೀರಾತಿಗೆ ಹಣವಿಲ್ಲದ ಈ ನಿರ್ಮಾಪಕರಿಗೆ ಪ್ರದರ್ಶನಗಳೇ ಆಸರೆ. 1998ರಲ್ಲಿ ಸ್ಥಾಪನೆಗೊಂಡ ಅಮೆರಿಕದ ಸ್ವತಂತ್ರ ಆಟಗಳ ಉತ್ಸವ, 2013ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಆರಂಭವಾದ ಬಿಟ್‌ಸಮ್ಮಿಟ್ ಇವು ಇಂತಹವುಗಳಲ್ಲಿ ಹೆಸರಾದವು.

ಪ್ರದರ್ಶನದ ಕ್ರಮ ಸರಳವಾದುದು. ಒಂದು ಮೇಜು, ಒಂದು ಪರದೆ, ಕಿವಿಗೆ ಹೆಡ್‌ಫೋನು. ಸಂದರ್ಶಕನು ಕುಳಿತು ಕೆಲವು ನಿಮಿಷ ಆಡುತ್ತಾನೆ. ನಿರ್ಮಾಪಕನು ಬದಿಯಲ್ಲಿ ನಿಂತು ನೋಡುತ್ತಾನೆ. ಪುಸ್ತಕವನ್ನು ಬರೆದವನಿಗೆ ಓದುಗನು ಯಾವ ಪುಟದಲ್ಲಿ ತಡೆದನೆಂಬುದು ತಿಳಿಯುವುದು ಅಪರೂಪ. ಇಲ್ಲಿ ಅದು ಕಣ್ಣೆದುರೇ ಕಾಣುತ್ತದೆ. ತನ್ನ ನಾಡಿನಲ್ಲಿ ಎಲ್ಲರಿಗೂ ತಿಳಿದಿರುವ ಸಂಕೇತವೊಂದು ಪರದೇಶದವನಿಗೆ ಅರ್ಥವಾಗದೆ ಹೋದರೆ, ಅದನ್ನು ವಿವರಿಸಬೇಕೇ, ಹಾಗೆಯೇ ಬಿಡಬೇಕೇ ಎಂಬ ಪ್ರಶ್ನೆ ಆ ಮೇಜಿನ ಬಳಿಯಲ್ಲೇ ಹುಟ್ಟುತ್ತದೆ.

ಅಲಾಸ್ಕಾದ ಇನ್ಯೂಪಿಯಾಟ್ ಜನರ ಉದಾಹರಣೆ ಇಲ್ಲಿ ಗಮನಾರ್ಹ. ಅಲ್ಲಿನ ಮೂಲನಿವಾಸಿಗಳ ಸಂಸ್ಥೆಯಾದ ಕುಕ್ ಇನ್‌ಲೆಟ್ ಟ್ರೈಬಲ್ ಕೌನ್ಸಿಲ್ ಆಟಗಳ ನಿರ್ಮಾಣಕ್ಕೆ ತಾನೇ ಕೈಹಾಕಿ, 2014ರಲ್ಲಿ ನೆವರ್ ಅಲೋನ್ ಎಂಬ ಆಟವನ್ನು ಹೊರತಂದಿತು. ನಿಲ್ಲದ ಹಿಮಗಾಳಿಯ ಮೂಲವನ್ನು ಹುಡುಕಿ ಹೊರಡುವ ನೂನಾ ಎಂಬ ಬಾಲಕಿ ಮತ್ತು ಅವಳ ಜೊತೆಗಾರ ನರಿಯ ಕಥೆ ಇದು. ಸಮುದಾಯದ ಹಿರಿಯರೊಡನೆ ಕುಳಿತು ಕಥೆಯನ್ನು ರೂಪಿಸಲಾಯಿತು. ನಿರೂಪಣೆ ಅವರದೇ ಭಾಷೆಯಲ್ಲಿದೆ. ಮೂಲ ಕಥೆಯ ನಾಯಕ ಬಾಲಕನಾಗಿದ್ದು, ಆಟದಲ್ಲಿ ಅವನು ಬಾಲಕಿಯಾಗಿದ್ದಾಳೆ. ಕಥೆಯನ್ನು ಬಳಸಿಕೊಳ್ಳಲು ಅದನ್ನು ಹೇಳಿದ ಕಥೆಗಾರರ ಮಗಳ ಅನುಮತಿಯನ್ನು ಪಡೆಯಲಾಗಿತ್ತು. ಜನಪದ ಕಥೆಗೆ ಒಡೆಯರಿಲ್ಲವೆಂದು ಭಾವಿಸಿ ಎತ್ತಿಕೊಳ್ಳುವ ಪರಿಪಾಠವೇ ಹೆಚ್ಚಾಗಿರುವಾಗ ಇದು ಮೆಚ್ಚತಕ್ಕ ನಡತೆ. 2015ರಲ್ಲಿ ಈ ಆಟಕ್ಕೆ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯು ಚೊಚ್ಚಲ ಕೃತಿಗೆ ಮೀಸಲಾದ ಪ್ರಶಸ್ತಿಯನ್ನು ನೀಡಿತು.

ಭಾರತದ ಮಟ್ಟಿಗೆ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡದ ಅನುಭವ ಬೋಧಪ್ರದವಾಗಿದೆ. ರಾಕ್ಷಸರು ಒಯ್ದ ತಮ್ಮನನ್ನು ಅರಸಿ ಹೊರಡುವ ಅಕ್ಕನ ಕಥೆಯುಳ್ಳ ರಾಜಿ ಎಂಬ ಆಟಕ್ಕೆ ಸಾರ್ವಜನಿಕರಿಂದ ಹಣ ಕೂಡಿಸುವ ಯತ್ನವು 2017ರಲ್ಲಿ ಗುರಿ ಮುಟ್ಟಲಿಲ್ಲ. ತಂಡವು ಕೆಲಸವನ್ನು ಕೈಬಿಡಲಿಲ್ಲ. 2020ರ ಆಗಸ್ಟ್‌ನಲ್ಲಿ ಜಪಾನಿನ ನಿಂಟೆಂಡೋ ಸಂಸ್ಥೆಯು ಸ್ವತಂತ್ರ ಆಟಗಳಿಗಾಗಿ ನಡೆಸಿದ ಪ್ರಸಾರದಲ್ಲಿ ರಾಜಿ ಕಾಣಿಸಿಕೊಂಡು ಅಂದೇ ಬಿಡುಗಡೆಯಾಯಿತು. ರಾಜಸ್ಥಾನದ ಕೋಟೆಗಳ ಸೊಬಗು, ತೊಗಲುಗೊಂಬೆಯಾಟದ ಶೈಲಿಯ ನಿರೂಪಣೆ, ದುರ್ಗೆ ಹಾಗೂ ವಿಷ್ಣುವಿನ ಸಂಭಾಷಣೆಗಳು ಹೀಗೆ ಪರದೇಶದ ಆಟಗಾರರ ಮನೆಗಳನ್ನು ಹೊಕ್ಕವು.

ತೊಡಕುಗಳೂ ಇಲ್ಲದಿಲ್ಲ. ಪ್ರವೇಶ ಶುಲ್ಕ, ವೀಸಾ, ವಿಮಾನದ ವೆಚ್ಚ ಇವು ಸಣ್ಣ ತಂಡಗಳ ಶಕ್ತಿಗೆ ಮೀರಿದವು. ಇನ್ನೊಂದು ಅಪಾಯ ಸೂಕ್ಷ್ಮವಾದುದು: ಹೊರಗಿನವರ ಮೆಚ್ಚುಗೆಗಾಗಿ ದೇವಾಲಯ, ಆನೆ, ಹಬ್ಬಗಳನ್ನಷ್ಟೇ ತೋರಿಸಿ ದಿನನಿತ್ಯದ ಬದುಕನ್ನು ಮರೆಯುವುದು. ವೆಚ್ಚದ ಸಮಸ್ಯೆಗೆ ದೇಶದೊಳಗಿನ ಪ್ರದರ್ಶನಗಳು ಒಂದಿಷ್ಟು ಪರಿಹಾರ ನೀಡಬಲ್ಲವು. ಕೇಂದ್ರ ಸರ್ಕಾರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 2025ರ ಮೇ 1ರಿಂದ 4ರವರೆಗೆ ಮುಂಬಯಿಯಲ್ಲಿ ನಡೆಸಿದ ವೇವ್ಸ್ ಶೃಂಗಸಭೆಯಲ್ಲಿ ಚಲನಚಿತ್ರ, ಆನಿಮೇಷನ್‌ಗಳೊಂದಿಗೆ ವಿಡಿಯೋ ಆಟಗಳಿಗೂ ಸ್ಥಾನ ದೊರೆಯಿತು.

ದಿನನಿತ್ಯದ ಬದುಕೂ ಗಡಿ ದಾಟಬಲ್ಲದೆಂಬುದಕ್ಕೆ ಟೊರಾಂಟೋ ನಗರದ ವಿಸೈ ಗೇಮ್ಸ್ 2023ರಲ್ಲಿ ಹೊರತಂದ ವೆಣ್ಬಾ ಸಾಕ್ಷಿ. 1980ರ ದಶಕದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ದಂಪತಿಗಳು ಹಾಗೂ ಅಲ್ಲಿ ಹುಟ್ಟಿದ ಅವರ ಮಗನ ಕಥೆಯಿದು. ಆಟದ ಕೇಂದ್ರದಲ್ಲಿರುವುದು ತಾಯಿಯಿಂದ ಬಂದ, ಹಾಳೆಗಳು ಹರಿದು ಅಕ್ಷರಗಳು ಮಾಸಿದ ಅಡುಗೆಯ ಪುಸ್ತಕ. ಇಡ್ಲಿಯ ತಟ್ಟೆಗಳನ್ನು ಹೇಗೆ ಜೋಡಿಸಿದರೆ ತೂತುಗಳ ಮೂಲಕ ಹಬೆ ಸರಿಯಾಗಿ ಏರುತ್ತದೆಂಬುದನ್ನು ಆಟಗಾರನೇ ಊಹಿಸಬೇಕು. ಇಡ್ಲಿಯು ಇಲ್ಲಿ ಇಡ್ಲಿಯಾಗಿಯೇ ಉಳಿದಿದೆ. ಅದಕ್ಕೊಂದು ಇಂಗ್ಲಿಷ್ ಹೆಸರು ಹುಡುಕುವ ಗೋಜಿಗೆ ನಿರ್ಮಾಪಕರು ಹೋಗಿಲ್ಲ. ಮುಂದೆ ಬೆಳೆದ ಮಗನು ಅದೇ ಪುಸ್ತಕವನ್ನು ತೆರೆದಾಗ ತಾಯಿಯ ಭಾಷೆಯನ್ನು ಓದಲು ತಡವರಿಸುತ್ತಾನೆ. ಮುಂಬಯಿ, ದೆಹಲಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ. 2024ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ವತಂತ್ರ ಆಟಗಳ ಉತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಪಡೆದುದು ಈ ಆಟವೇ.